ಗೃಹ ಜಾಲ ಸಂಗ್ರಹ ಸರ್ವರ್

ಗೃಹ ಜಾಲ ಸಂಗ್ರಹ ಸರ್ವರ್ ಎಂದರೆ ಮನೆಯೊಳಗಿನ ಗಣಕಜಾಲಕ್ಕೆ ಜೋಡಿಸಲಾದ, ಒಂದು ಅಥವಾ ಹೆಚ್ಚು ಹಾರ್ಡ್ ಡಿಸ್ಕ್‌ಗಳನ್ನು ಹೊಂದಿದ ಮತ್ತು ಆ ಮನೆಯ ಗಣಕ, ಮೊಬೈಲ್ ಹಾಗೂ ಟಿ.ವಿ.ಗಳಿಗೆ ಕಡತಗಳನ್ನು ಒದಗಿಸುವ ಯಂತ್ರ. ಇದನ್ನು ಬಳಕೆಯಲ್ಲಿ 'ನಾಸ್' ಎಂದು ಕರೆಯುತ್ತಾರೆ. ಛಾಯಾಚಿತ್ರ, ವಿಡಿಯೊ, ಧ್ವನಿಮುದ್ರಣ, ಜಮೀನಿನ ದಾಖಲೆ, ಅಧ್ಯಯನ ಸಾಮಗ್ರಿ ಮುಂತಾದವನ್ನು ಒಂದೇ ಕಡೆ ಇರಿಸಿ ಹಲವರು ಬಳಸುವುದು ಇದರ ಉದ್ದೇಶ. ಸಿದ್ಧ ಪೆಟ್ಟಿಗೆಯನ್ನು ಕೊಂಡು ತರಬಹುದು. ಹಳೆಯ ಗಣಕಕ್ಕೆ ಉಚಿತ ತಂತ್ರಾಂಶವನ್ನು ಅಳವಡಿಸಿಯೂ ನಿರ್ಮಿಸಬಹುದು.

ಸರ್ವರ್‌ನ ವಿನ್ಯಾಸವು ಅದು ಇರುವ ಊರಿನ ವಿದ್ಯುತ್ ಪೂರೈಕೆ, ಉಷ್ಣತೆ ಮತ್ತು ಅಂತರಜಾಲ ಸಂಪರ್ಕವನ್ನು ಅವಲಂಬಿಸಿದೆ. ತಣ್ಣನೆಯ ದೇಶಗಳನ್ನು ಮನಸ್ಸಿನಲ್ಲಿಟ್ಟು ಬರೆದ ಕೈಪಿಡಿಗಳು ಪ್ರೊಸೆಸರ್ ಮತ್ತು ಡಿಸ್ಕ್‌ಗಳ ಆಯ್ಕೆಯಿಂದ ಆರಂಭವಾಗುತ್ತವೆ. ಕರ್ನಾಟಕದ ಬಿಸಿಲು ನಾಡಿನಲ್ಲಿ ಮೊದಲು ತೀರ್ಮಾನಿಸಬೇಕಾದವು ಮೂರು: ಕರೆಂಟು ಹೋದಾಗ ಯಂತ್ರ ಹೇಗೆ ನಿಲ್ಲಬೇಕು, ಮೇ ತಿಂಗಳಲ್ಲಿ ಅದು ಎಲ್ಲಿ ಇರಬೇಕು, ಎರಡನೆಯ ಪ್ರತಿ ಯಾವ ಊರಿನಲ್ಲಿರಬೇಕು. ಈ ಲೇಖನವು ವಿಷಯದ ಸಾಮಾನ್ಯ ತತ್ತ್ವಗಳ ಜೊತೆಗೆ ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿಯ ಪರಿಸ್ಥಿತಿಯನ್ನು ಉದಾಹರಣೆಯಾಗಿ ಬಳಸುತ್ತದೆ.

## ಇತಿಹಾಸ

ಜಾಲದ ಮೂಲಕ ಕಡತಗಳನ್ನು ಹಂಚಿಕೊಳ್ಳುವ ಪದ್ಧತಿ 1980ರ ದಶಕದ ಆರಂಭದಲ್ಲಿ ರೂಪುಗೊಂಡಿತು. ಐಬಿಎಂ ಸಂಸ್ಥೆಯಲ್ಲಿ ಎಸ್‌ಎಂಬಿ ಎಂಬ ಸಂವಹನ ನಿಯಮಾವಳಿಯೂ, 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಎನ್‌ಎಫ್‌ಎಸ್ ಎಂಬ ನಿಯಮಾವಳಿಯೂ ಸಿದ್ಧವಾದವು. ಇಂದಿಗೂ ವಿಂಡೋಸ್ ಗಣಕಗಳು ಎಸ್‌ಎಂಬಿಯನ್ನು, ಲಿನಕ್ಸ್ ಗಣಕಗಳು ಹೆಚ್ಚಾಗಿ ಎನ್‌ಎಫ್‌ಎಸ್ ಅನ್ನು ಬಳಸುತ್ತವೆ. 1988ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕ್ಯಾಟ್ಜ್ ಅವರು ಅಗ್ಗದ ಹಲವು ಡಿಸ್ಕ್‌ಗಳನ್ನು ಒಟ್ಟುಗೂಡಿಸುವ 'ರೇಡ್' ಪರಿಕಲ್ಪನೆಯನ್ನು ಮಂಡಿಸಿದರು. 1992ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಅವರು ಬರೆದ ತಂತ್ರಾಂಶವು ಮುಂದೆ 'ಸಾಂಬಾ' ಎಂಬ ಹೆಸರು ಪಡೆದು, ಯುನಿಕ್ಸ್ ಮಾದರಿಯ ಯಂತ್ರಗಳು ವಿಂಡೋಸ್ ಗಣಕಗಳಿಗೆ ಕಡತ ಒದಗಿಸುವುದನ್ನು ಸಾಧ್ಯವಾಗಿಸಿತು.

ಮನೆಬಳಕೆಗೆ ಈ ತಂತ್ರಜ್ಞಾನ ಇಳಿದದ್ದು 2000ದ ನಂತರ. ತೈವಾನ್‌ನ ಸಿನಾಲಜಿ ಮತ್ತು ಕ್ಯೂನ್ಯಾಪ್ ಸಂಸ್ಥೆಗಳು ಸಿದ್ಧ ಪೆಟ್ಟಿಗೆಗಳನ್ನು ಮಾರುಕಟ್ಟೆಗೆ ತಂದವು. 2005ರಲ್ಲಿ ಫ್ರೀನಾಸ್ ಯೋಜನೆ ಆರಂಭವಾಯಿತು. ಇದೇ ಇಂದಿನ ಟ್ರೂನಾಸ್. 2011ರಲ್ಲಿ ಡೆಬಿಯನ್ ಆಧಾರಿತ ಓಪನ್‌ಮೀಡಿಯಾವಾಲ್ಟ್ ಬಿಡುಗಡೆಯಾಯಿತು. 2019ರಲ್ಲಿ ಬಂದ ರಾಸ್ಪ್‌ಬೆರಿ ಪೈ 4 ಪೂರ್ಣ ಗಿಗಾಬಿಟ್ ಜಾಲ ಮತ್ತು ಯುಎಸ್‌ಬಿ 3 ಸಂಪರ್ಕಗಳನ್ನು ಹೊಂದಿದ್ದರಿಂದ, ಅಂಗೈಯಗಲದ ಗಣಕವೂ ಸಣ್ಣ ಸಂಗ್ರಹ ಸರ್ವರ್ ಆಗಬಲ್ಲದಾಯಿತು.

## ಘಟಕಗಳು

'''ಗಣಕ:''' ಕಡತ ಹಂಚಿಕೆಗೆ ಹೆಚ್ಚಿನ ಸಾಮರ್ಥ್ಯದ ಪ್ರೊಸೆಸರ್ ಬೇಕಿಲ್ಲ. ಎರಡು ಡಿಸ್ಕ್‌ಗಳ ಸರ್ವರ್‌ಗೆ ಹತ್ತು ವರ್ಷ ಹಳೆಯ ಮೇಜು ಗಣಕವೂ ಸಾಕು. ಓಪನ್‌ಮೀಡಿಯಾವಾಲ್ಟ್‌ಗೆ 2ರಿಂದ 4 ಗಿಗಾಬೈಟ್, ಟ್ರೂನಾಸ್‌ಗೆ ಕನಿಷ್ಠ 8 ಗಿಗಾಬೈಟ್ ರ‍್ಯಾಮ್ ಇರಬೇಕು. ಹಳೆಯ ಗಣಕದ ದೊಡ್ಡ ಕೊರತೆಯೆಂದರೆ ಅದು ಸುಮ್ಮನಿದ್ದಾಗಲೂ ಹೆಚ್ಚು ವಿದ್ಯುತ್ತನ್ನು ಬಳಸುವುದು.

'''ಡಿಸ್ಕ್:''' ಡಿಸ್ಕ್‌ಗಳಲ್ಲಿ ದತ್ತಾಂಶವನ್ನು ಬರೆಯುವ ಎರಡು ವಿಧಾನಗಳಿವೆ. ಸಿಎಂಆರ್ ವಿಧಾನದಲ್ಲಿ ಪಥಗಳು ಪಕ್ಕಪಕ್ಕದಲ್ಲಿರುತ್ತವೆ. ಎಸ್‌ಎಂಆರ್ ವಿಧಾನದಲ್ಲಿ ಅವು ಮಾಳಿಗೆಯ ಹೆಂಚಿನಂತೆ ಒಂದರ ಮೇಲೊಂದು ಅಂಚು ಚಾಚಿರುತ್ತವೆ. ಒಂದು ಪಥವನ್ನು ತಿದ್ದಲು ನೆರೆಯ ಪಥಗಳನ್ನೂ ಮತ್ತೆ ಬರೆಯಬೇಕಾಗುತ್ತದೆ. ರೇಡ್ ಮರುನಿರ್ಮಾಣದಂತಹ ನಿರಂತರ ಬರವಣಿಗೆಯಲ್ಲಿ ಎಸ್‌ಎಂಆರ್ ಡಿಸ್ಕ್‌ಗಳು ಬಹಳ ನಿಧಾನವಾಗುತ್ತವೆ. ನಾಸ್ ಬಳಕೆಗೆಂದು ಮಾರಲಾದ ಕೆಲವು ಡಿಸ್ಕ್‌ಗಳಲ್ಲಿಯೂ ಎಸ್‌ಎಂಆರ್ ಇರುವುದು 2020ರ ಏಪ್ರಿಲ್‌ನಲ್ಲಿ ಬಹಿರಂಗವಾದ ಮೇಲೆ, ತಯಾರಕರು ಮಾದರಿವಾರು ವಿವರ ಪ್ರಕಟಿಸತೊಡಗಿದರು. ಕೊಳ್ಳುವ ಮೊದಲು ಮಾದರಿ ಸಂಖ್ಯೆಯನ್ನು ಆ ಪಟ್ಟಿಯಲ್ಲಿ ನೋಡಿಕೊಳ್ಳಬೇಕು.

'''ಜಾಲ:''' ಗಿಗಾಬಿಟ್ ಜಾಲದ ಗರಿಷ್ಠ ವೇಗ ಸೆಕೆಂಡಿಗೆ 125 ಮೆಗಾಬೈಟ್. ಬಳಕೆಯಲ್ಲಿ ಸುಮಾರು 110 ಸಿಗುತ್ತದೆ. ಈ ವೇಗದಲ್ಲಿ 1 ಟೆರಾಬೈಟ್ ದತ್ತಾಂಶ ಸುಮಾರು ಎರಡೂವರೆ ಗಂಟೆಗಳಲ್ಲಿ ವರ್ಗವಾಗುತ್ತದೆ. 100 ಮೆಗಾಬಿಟ್ ಜಾಲದಲ್ಲಿ ಅದೇ ಕೆಲಸಕ್ಕೆ ಒಂದು ಹಗಲು, ಒಂದು ರಾತ್ರಿ ಬೇಕು. ಆದ್ದರಿಂದ ಸರ್ವರ್ ಮತ್ತು ರೌಟರ್ ನಡುವೆ ವೈಫೈ ಬದಲು ತಂತಿಯನ್ನೇ ಬಳಸುವುದು ವಾಡಿಕೆ.

'''ಸಾಮರ್ಥ್ಯದ ಲೆಕ್ಕ:''' ತಯಾರಕರು ದಶಮಾನ ಪದ್ಧತಿಯಲ್ಲಿ ಎಣಿಸಿದರೆ ವಿಂಡೋಸ್ 1024ರ ಗುಣಕಗಳಲ್ಲಿ ಎಣಿಸುತ್ತದೆ. ಆದ್ದರಿಂದ 4 ಟೆರಾಬೈಟ್ ಡಿಸ್ಕ್ ತೆರೆಯ ಮೇಲೆ ಸುಮಾರು 3.63 ಎಂದು ಕಾಣುತ್ತದೆ. ಇದು ದೋಷವಲ್ಲ.

## ರೇಡ್ ಮತ್ತು ಬ್ಯಾಕಪ್

ಒಂದು ಡಿಸ್ಕ್ ಕೆಟ್ಟರೂ ಸರ್ವರ್ ಕೆಲಸ ಮುಂದುವರಿಸುವಂತೆ ಮಾಡುವುದು ರೇಡ್‌ನ ಉದ್ದೇಶ. ಮನೆಬಳಕೆಯಲ್ಲಿ ಕಂಡುಬರುವ ಮಟ್ಟಗಳು ಹೀಗಿವೆ:

| ಮಟ್ಟ | ಕನಿಷ್ಠ ಡಿಸ್ಕ್ | ಬಳಕೆಗೆ ಸಿಗುವ ಜಾಗ | ತಾಳಿಕೊಳ್ಳುವ ಡಿಸ್ಕ್ ನಷ್ಟ |
|---|---|---|---|
| ರೇಡ್ 0 | 2 | ಎಲ್ಲ ಡಿಸ್ಕ್‌ಗಳ ಮೊತ್ತ | ಇಲ್ಲ |
| ರೇಡ್ 1 | 2 | ಒಂದು ಡಿಸ್ಕ್‌ನಷ್ಟು | ಒಂದನ್ನು ಬಿಟ್ಟು ಉಳಿದವು |
| ರೇಡ್ 5 | 3 | ಒಂದು ಕಡಿಮೆ | 1 |
| ರೇಡ್ 6 | 4 | ಎರಡು ಕಡಿಮೆ | 2 |

ದೊಡ್ಡ ಡಿಸ್ಕ್‌ಗಳಲ್ಲಿ ರೇಡ್ 5 ಅಪಾಯಕಾರಿಯೆಂಬ ಅಭಿಪ್ರಾಯಕ್ಕೆ ಕಾರಣವಿದೆ. ಕೆಟ್ಟ ಡಿಸ್ಕ್ ಬದಲಿಸಿದಾಗ ಉಳಿದ ಎಲ್ಲ ಡಿಸ್ಕ್‌ಗಳನ್ನೂ ಆದಿಯಿಂದ ಅಂತ್ಯದವರೆಗೆ ಓದಬೇಕಾಗುತ್ತದೆ. 8 ಟೆರಾಬೈಟ್ ಡಿಸ್ಕನ್ನು ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ಓದಲು ಸುಮಾರು 15 ಗಂಟೆ ಬೇಕು. ಆ ಅವಧಿಯಲ್ಲಿ ಇನ್ನೊಂದು ಡಿಸ್ಕ್ ಕೈಕೊಟ್ಟರೆ ಇಡೀ ಸಂಗ್ರಹ ನಾಶವಾಗುತ್ತದೆ. ಒಂದೇ ದಿನ, ಒಂದೇ ಅಂಗಡಿಯಲ್ಲಿ ಕೊಂಡ ಡಿಸ್ಕ್‌ಗಳು ಒಂದೇ ತಯಾರಿಕಾ ತಂಡದವಾಗಿದ್ದು, ಹೆಚ್ಚುಕಡಿಮೆ ಒಟ್ಟಿಗೇ ಹಳೆಯದಾಗುವ ಸಂಭವವೂ ಇದೆ. ಆದ್ದರಿಂದ ಮನೆಗಳಲ್ಲಿ ಎರಡು ಡಿಸ್ಕ್‌ಗಳ ರೇಡ್ 1 ಹೆಚ್ಚು ಪ್ರಚಲಿತ.

ರೇಡ್ ಅನ್ನು ಬ್ಯಾಕಪ್ ಎಂದು ತಿಳಿಯುವುದು ಈ ಕ್ಷೇತ್ರದ ಅತಿ ಸಾಮಾನ್ಯವಾದ ಮತ್ತು ಅತಿ ದುಬಾರಿಯಾದ ತಪ್ಪು ಗ್ರಹಿಕೆ. ಮಗು ಅಳಿಸಿದ ಚಿತ್ರ ರೇಡ್ 1ರ ಎರಡೂ ಡಿಸ್ಕ್‌ಗಳಿಂದ ಅದೇ ಕ್ಷಣ ಅಳಿದುಹೋಗುತ್ತದೆ. ಸುಲಿಗೆ ತಂತ್ರಾಂಶ ಬೀಗ ಹಾಕಿದ ಕಡತ ಎರಡೂ ಡಿಸ್ಕ್‌ಗಳಲ್ಲಿ ಬೀಗಗೊಳ್ಳುತ್ತದೆ. ಸಿಡಿಲು, ಕಳ್ಳತನ, ನೆರೆ, ಬೆಂಕಿ ಇವು ಪೆಟ್ಟಿಗೆಯನ್ನು ಇಡಿಯಾಗಿಯೇ ಕಬಳಿಸುತ್ತವೆ. ರೇಡ್ ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತದೆ; ಬ್ಯಾಕಪ್ ಕಳೆದುಹೋದದ್ದನ್ನು ಮರಳಿ ಕೊಡುತ್ತದೆ. ಹಣಕ್ಕೆ ಮಿತಿಯಿದ್ದು ಎರಡೇ ಡಿಸ್ಕ್ ಕೊಳ್ಳಲು ಸಾಧ್ಯವಿದ್ದರೆ, ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ರೇಡ್ ಮಾಡುವುದಕ್ಕಿಂತ, ಒಂದನ್ನು ಸರ್ವರ್‌ನಲ್ಲಿಟ್ಟು ಇನ್ನೊಂದನ್ನು ಬೇರೆ ಮನೆಯಲ್ಲಿ ಬ್ಯಾಕಪ್ ಆಗಿ ಇಡುವುದೇ ಸುರಕ್ಷಿತ.

## ರಾಯಚೂರು, ದೇವದುರ್ಗ ಮತ್ತು ಮಾನ್ವಿಯ ಪರಿಸ್ಥಿತಿ

ರಾಯಚೂರು ಜಿಲ್ಲೆ ಉತ್ತರದಲ್ಲಿ ಕೃಷ್ಣೆ, ದಕ್ಷಿಣದಲ್ಲಿ ತುಂಗಭದ್ರೆಗಳ ನಡುವಿನ ದೋಆಬ್ ಪ್ರದೇಶದಲ್ಲಿದೆ. ದೇವದುರ್ಗ ಜಿಲ್ಲಾ ಕೇಂದ್ರದ ಪಶ್ಚಿಮಕ್ಕೂ, ಮಾನ್ವಿ ನೈಋತ್ಯಕ್ಕೂ ಇವೆ. ಇಲ್ಲಿನ ಮನೆಗಳಲ್ಲಿ ಉಳಿಸಬೇಕಾದ ಸಾಮಗ್ರಿಗೆ ತನ್ನದೇ ವಿಶೇಷತೆಯಿದೆ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿದ್ದುದರಿಂದ, ಹಳೆಯ ಕುಟುಂಬಗಳಲ್ಲಿ ಉರ್ದು ಭಾಷೆಯ ಜಮೀನು ಪತ್ರಗಳು ಇರುವುದುಂಟು. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, 'ಹರಿಕಥಾಮೃತಸಾರ'ದ ಕರ್ತೃ ಮಾನ್ವಿಯ ಜಗನ್ನಾಥದಾಸರು ಈ ನೆಲದವರಾದ್ದರಿಂದ, ಭಜನೆ ಮತ್ತು ದಾಸರ ಪದಗಳ ಮನೆಮಟ್ಟದ ಧ್ವನಿಮುದ್ರಣಗಳೂ ಕ್ಯಾಸೆಟ್ ಅಥವಾ ಮೊಬೈಲ್‌ಗಳಲ್ಲಿ ಉಳಿದಿರುತ್ತವೆ. ಇಂತಹ ಮುದ್ರಣಗಳಿಗೆ ಸಾಮಾನ್ಯವಾಗಿ ಒಂದೇ ಪ್ರತಿ ಇರುತ್ತದೆ. ಅದು ಹೋದರೆ ಮತ್ತೆಲ್ಲಿಂದಲೂ ತರಲಾಗದು.

### ವಿದ್ಯುತ್

ಶಕ್ತಿನಗರದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಸ್ಥಾಪಿತ ಸಾಮರ್ಥ್ಯ 1,720 ಮೆಗಾವಾಟ್. ದಕ್ಷಿಣ ಭಾರತದ ವಿದ್ಯುತ್ ಜಾಲವು ದೇಶದ ಉಳಿದ ಜಾಲದೊಡನೆ ಏಕೀಕೃತವಾದದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ. ಆದರೆ ವಿದ್ಯುತ್ತು ಹತ್ತಿರದಲ್ಲೇ ಉತ್ಪಾದನೆಯಾದರೂ ಮನೆಗೆ ಬರುವ ಕೊನೆಯ ತಂತಿ ಪರಿವರ್ತಕ, ಗಾಳಿಮಳೆ ಮತ್ತು ದುರಸ್ತಿಗಳಿಗೆ ಒಳಪಟ್ಟಿದೆ. ವಿತರಣೆಯ ಹೊಣೆ ಗುಲ್ಬರ್ಗ ವಿದ್ಯುತ್ ಸರಬರಾಜು ಕಂಪನಿಯದು. ಮುಂಗಾರಿಗೆ ಮುನ್ನ ಬೀಸುವ ಬಿರುಗಾಳಿಯ ದಿನಗಳಲ್ಲಿ ಕರೆಂಟು ಹಠಾತ್ತನೆ ಹೋಗಿ, ಬಂದು, ಮತ್ತೆ ಹೋಗುವುದು ಸಾಮಾನ್ಯ. ಒಮ್ಮೆ ಪೂರ್ಣವಾಗಿ ಹೋಗುವುದಕ್ಕಿಂತ ಹೀಗೆ ಹೋಗಿಬರುವುದೇ ಡಿಸ್ಕ್‌ಗಳಿಗೆ ಹೆಚ್ಚು ಹಾನಿಕರ.

ಬಹಳಷ್ಟು ಮನೆಗಳಲ್ಲಿ ಇನ್ವರ್ಟರ್ ಇರುತ್ತದೆ. ಇದು ಯುಪಿಎಸ್‌ಗೆ ಪೂರ್ಣ ಪರ್ಯಾಯವಲ್ಲ. ಕಾರಣಗಳು:

* ಗಣಕದ ವಿದ್ಯುತ್ ಘಟಕ ಪೂರ್ಣ ಹೊರೆಯಲ್ಲಿ ಸುಮಾರು 16 ಮಿಲಿಸೆಕೆಂಡು ಮಾತ್ರ ಕರೆಂಟಿಲ್ಲದೆ ತಾಳಬಲ್ಲದು. ಫ್ಯಾನು, ದೀಪಗಳಿಗೆಂದು ಹೊಂದಿಸಿದ ಇನ್ವರ್ಟರ್ ಬದಲಾಗಲು ಇದಕ್ಕಿಂತ ಹೆಚ್ಚು ಸಮಯ ತೆಗೆದುಕೊಂಡರೆ ಸರ್ವರ್ ಪ್ರತಿಬಾರಿಯೂ ಪುನರಾರಂಭವಾಗುತ್ತದೆ.
* ಬ್ಯಾಟರಿ ಮುಗಿಯುತ್ತಿದೆ ಎಂಬ ಸೂಚನೆಯನ್ನು ಸಾಮಾನ್ಯ ಇನ್ವರ್ಟರ್ ಸರ್ವರ್‌ಗೆ ಕೊಡಲಾರದು. ದೀರ್ಘ ನಿಲುಗಡೆಯ ಕೊನೆಯಲ್ಲಿ ಯಂತ್ರ ಬರೆಯುತ್ತಿರುವಾಗಲೇ ಸ್ಥಗಿತಗೊಳ್ಳುತ್ತದೆ.
* ಚೌಕ ತರಂಗದ ಅಗ್ಗದ ಇನ್ವರ್ಟರ್‌ಗೆ ಯುಪಿಎಸ್ ಜೋಡಿಸಿದರೆ, ಕೆಲವು ಯುಪಿಎಸ್‌ಗಳು ಆ ತರಂಗವನ್ನು ದೋಷವೆಂದು ತಿಳಿದು ತಮ್ಮ ಬ್ಯಾಟರಿಯನ್ನೇ ಬಳಸತೊಡಗುತ್ತವೆ.

ಆದ್ದರಿಂದ ಶುದ್ಧ ಸೈನ್ ತರಂಗದ ಇನ್ವರ್ಟರ್, ಅದರ ನಂತರ ಯುಎಸ್‌ಬಿ ಸಂಪರ್ಕವಿರುವ ಸಣ್ಣ ಯುಪಿಎಸ್, ಅದರ ನಂತರ ಸರ್ವರ್ ಎಂಬ ಕ್ರಮ ಸೂಕ್ತ. 'ನೆಟ್‌ವರ್ಕ್ ಯುಪಿಎಸ್ ಟೂಲ್ಸ್' ಎಂಬ ಮುಕ್ತ ತಂತ್ರಾಂಶವು ಬ್ಯಾಟರಿ ಕನಿಷ್ಠ ಮಟ್ಟಕ್ಕೆ ಬಂದಾಗ ಸರ್ವರ್ ಅನ್ನು ಕ್ರಮಬದ್ಧವಾಗಿ ನಿಲ್ಲಿಸುತ್ತದೆ. ಕರೆಂಟು ಬಂದ ತಕ್ಷಣ ಯಂತ್ರ ತಾನಾಗಿಯೇ ಏಳುವ ಬದಲು ಕೆಲವು ನಿಮಿಷ ತಡೆದು ಏಳುವಂತೆ ಹೊಂದಿಸುವುದು ಉತ್ತಮ.

ಎರಡು ಡಿಸ್ಕ್‌ಗಳ ಸರ್ವರ್ 30 ವಾಟ್ ಬಳಸಿದರೆ ತಿಂಗಳಿಗೆ ಸುಮಾರು 22 ಯೂನಿಟ್ ಆಗುತ್ತದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ವಿದ್ಯುತ್ತಿನ ಮಿತಿಯನ್ನು ಕುಟುಂಬದ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ನಿಗದಿಪಡಿಸಲಾಗಿದೆ. ಬಳಕೆ 200 ಯೂನಿಟ್ ದಾಟಿದರೆ ಪೂರ್ಣ ಬಿಲ್ಲು ಕಟ್ಟಬೇಕು. ಹಗಲಿರುಳು ಓಡುವ ಯಂತ್ರವನ್ನು ಸೇರಿಸುವ ಮೊದಲು ಹಳೆಯ ಬಿಲ್ಲುಗಳನ್ನು ನೋಡುವುದು ಒಳ್ಳೆಯದು. 100 ವಾಟ್ ಬಳಸುವ ಹಳೆಯ ಮೇಜು ಗಣಕವು ತಿಂಗಳಿಗೆ 72 ಯೂನಿಟ್ ಸೇರಿಸುತ್ತದೆ. ಅದು ಉಚಿತವಾಗಿ ಸಿಕ್ಕರೂ ಅಗ್ಗವಲ್ಲ.

### ಉಷ್ಣತೆ ಮತ್ತು ಧೂಳು

ರಾಯಚೂರಿನಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರುವುದು ಸಾಮಾನ್ಯ. ಓಡುವ ಡಿಸ್ಕ್ ಕೋಣೆಗಿಂತ ಸುಮಾರು 10 ಡಿಗ್ರಿ ಹೆಚ್ಚು ಬಿಸಿಯಾಗಿರುತ್ತದೆ. ತಯಾರಕರು ಸೂಚಿಸುವ ಗರಿಷ್ಠ ಮಿತಿ ಸಾಮಾನ್ಯವಾಗಿ 60ರಿಂದ 65 ಡಿಗ್ರಿ. ಗೂಗಲ್ ಸಂಸ್ಥೆ 2007ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಮೇಲೆ ಪ್ರಕಟಿಸಿದ ಅಧ್ಯಯನದಲ್ಲಿ, ಸಾಧಾರಣ ಉಷ್ಣತೆಗೂ ಡಿಸ್ಕ್ ಕೆಡುವಿಕೆಗೂ ನಿರೀಕ್ಷಿಸಿದಷ್ಟು ನಂಟು ಕಾಣಲಿಲ್ಲ. ಅತಿ ಹೆಚ್ಚಿನ ಉಷ್ಣತೆಯಲ್ಲಿ ಮಾತ್ರ ಅದರ ಪರಿಣಾಮ ಗೋಚರಿಸಿತು. ಆದರೆ ಆ ಡಿಸ್ಕ್‌ಗಳು ಇದ್ದದ್ದು ತಂಪಾಗಿಸಿದ ದತ್ತಾಂಶ ಕೇಂದ್ರಗಳಲ್ಲಿ. ಬಿಸಿಲಿಗೆ ಕಾದ ಕಾಂಕ್ರೀಟ್ ಛಾವಣಿಯ ಕೆಳಗಿನ ಮುಚ್ಚಿದ ಕಪಾಟು ಆ ಅಧ್ಯಯನದ ವ್ಯಾಪ್ತಿಯೊಳಗೆ ಬರುವುದಿಲ್ಲ.

ಡಿಸ್ಕ್ ಉಷ್ಣತೆ 45 ಡಿಗ್ರಿಯೊಳಗಿದ್ದರೆ ನೆಮ್ಮದಿ, 50 ದಾಟಿದರೆ ಎಚ್ಚರ, 55 ದಾಟಿದರೆ ಸರ್ವರ್ ನಿಲ್ಲಬೇಕು ಎಂಬ ಹಂತಗಳನ್ನು ತಂತ್ರಾಂಶದಲ್ಲಿ ನಮೂದಿಸಬಹುದು. ಸ್ಥಳದ ಆಯ್ಕೆಯೇ ಅತಿ ಅಗ್ಗದ ತಂಪುಕಾರಿ: ಮೇಲಂತಸ್ತಿನ ಕೋಣೆಗಿಂತ ನೆಲ ಅಂತಸ್ತಿನ ನಡುಕೋಣೆ, ಪಶ್ಚಿಮದ ಗೋಡೆಗಿಂತ ಉತ್ತರದ ಗೋಡೆ, ಮುಚ್ಚಿದ ಕಪಾಟಿಗಿಂತ ತೆರೆದ ಹಲಗೆ ಮೇಲು. ಮಣ್ಣಿನ ಮಾಳಿಗೆಯ ಹಳೆಯ ಮನೆ ಹಗಲಿನಲ್ಲಿ ತಂಪಾಗಿರುತ್ತದೆ, ಆದರೆ ಮೇಲಿನಿಂದ ಮಣ್ಣು ಉದುರುವುದರಿಂದ ಯಂತ್ರದ ಮೇಲೆ ಹಲಗೆಯ ಮರೆ ಬೇಕು. ಡಿಸ್ಕ್‌ಗಳನ್ನು ಒಂದಕ್ಕೊಂದು ಅಂಟಿಸದೆ ನಡುವೆ ಬೆರಳಿನಷ್ಟು ಅಂತರವಿಟ್ಟು, ಎದುರಿಗೆ ನಿಧಾನವಾಗಿ ತಿರುಗುವ 12 ಸೆಂಟಿಮೀಟರ್ ಫ್ಯಾನು ಇರಿಸಿದರೆ ಹಲವು ಡಿಗ್ರಿ ಇಳಿಯುತ್ತದೆ. ಏರ್‌ಕೂಲರ್‌ನ ತೇವಗಾಳಿ ನೇರವಾಗಿ ಯಂತ್ರಕ್ಕೆ ಬಡಿಯಬಾರದು.

ಎರೆಮಣ್ಣಿನ ಸೀಮೆಯ ನವಿರು ಧೂಳು, ಹತ್ತಿಯ ಎಳೆ, ಅಕ್ಕಿ ಗಿರಣಿಯ ಹೊಟ್ಟಿನ ಕಣ, ಶಕ್ತಿನಗರದ ಆಸುಪಾಸಿನಲ್ಲಿ ಹಾರುಬೂದಿ ಇವು ಫ್ಯಾನಿನ ಮುಂದಿನ ಜಾಲರಿಯನ್ನು ಬೇಗ ಮುಚ್ಚುತ್ತವೆ. ಬೇಸಿಗೆಗೆ ಮುನ್ನ ಒಮ್ಮೆ, ಬೇಸಿಗೆಯ ನಡುವೆ ಒಮ್ಮೆ ಯಂತ್ರವನ್ನು ನಿಲ್ಲಿಸಿ ಶುಚಿಗೊಳಿಸುವುದು ಅಗತ್ಯ. ಆಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದು, ಬೀಸುವ ಗಾಳಿಗೆ ಅದು ತಿರುಗದಂತೆ ನೋಡಿಕೊಳ್ಳಬೇಕು.

## ನಿರ್ಮಾಣದ ಕ್ರಮ

1. ಉಳಿಸಬೇಕಾದ ಕಡತಗಳ ಒಟ್ಟು ಗಾತ್ರ ಅಳೆದು, ಅದರ ಎರಡರಷ್ಟು ಜಾಗವನ್ನು ಗುರಿಯಾಗಿಸುವುದು.
2. ಹೊಸ ಡಿಸ್ಕ್‌ಗಳನ್ನು ಬಳಕೆಗೆ ತರುವ ಮೊದಲು ಪೂರ್ಣ ಮೇಲ್ಮೈ ಪರೀಕ್ಷೆಗೆ ಒಳಪಡಿಸುವುದು. ಇದಕ್ಕೆ ಒಂದೆರಡು ದಿನ ಹಿಡಿದರೂ, ಕೊರತೆಯಿರುವ ಡಿಸ್ಕ್ ಅಂಗಡಿಗೆ ಮರಳಿಸಬಹುದಾದ ಅವಧಿಯಲ್ಲೇ ಪತ್ತೆಯಾಗುತ್ತದೆ.
3. ಕಾರ್ಯಾಚರಣ ವ್ಯವಸ್ಥೆಯನ್ನು ದತ್ತಾಂಶದ ಡಿಸ್ಕ್‌ಗಳಲ್ಲಿ ಇರಿಸದೆ, ಪ್ರತ್ಯೇಕ ಸಣ್ಣ ಎಸ್‌ಎಸ್‌ಡಿಯಲ್ಲಿ ಅಳವಡಿಸುವುದು.
4. ಕಡತ ವ್ಯವಸ್ಥೆಯನ್ನು ಆರಿಸುವುದು. ಎಕ್ಸ್‌ಟಿ4 ಸರಳ ಮತ್ತು ಹಗುರ. 2005ರಲ್ಲಿ ಸನ್ ಸಂಸ್ಥೆ ಮುಕ್ತಗೊಳಿಸಿದ ಝಡ್‌ಎಫ್‌ಎಸ್ ಪ್ರತಿ ತುಣುಕಿಗೂ ತಾಳೆಮೊತ್ತ ಬರೆದಿಟ್ಟು, ಸದ್ದಿಲ್ಲದೆ ಕೆಟ್ಟ ದತ್ತಾಂಶವನ್ನು ಗುರುತಿಸುತ್ತದೆ. ಕನ್ನಡಿ ಪ್ರತಿಯಿದ್ದರೆ ಸರಿಪಡಿಸುತ್ತದೆ.
5. ಮನೆಯ ಪ್ರತಿ ಸದಸ್ಯರಿಗೂ ಪ್ರತ್ಯೇಕ ಖಾತೆ ತೆರೆದು, ಹಳೆಯ ದಾಖಲೆಗಳ ಕೋಶವನ್ನು ಓದಲು ಮಾತ್ರ ತೆರೆದಿಡುವುದು.
6. ರೌಟರ್‌ನಲ್ಲಿ ಸರ್ವರ್‌ಗೆ ಸ್ಥಿರ ಸ್ಥಳೀಯ ವಿಳಾಸ ಕಾಯ್ದಿರಿಸುವುದು.
7. ದಿನಕ್ಕೊಂದು ಸ್ನ್ಯಾಪ್‌ಶಾಟ್, ವಾರಕ್ಕೊಂದು ಸಣ್ಣ ಸ್ಮಾರ್ಟ್ ಪರೀಕ್ಷೆ, ತಿಂಗಳಿಗೊಂದು ಪೂರ್ಣ ತಪಾಸಣೆ ನಿಗದಿಪಡಿಸುವುದು. ತಪಾಸಣೆಯನ್ನು ಬೇಸಿಗೆಯಲ್ಲಿ ನಡುರಾತ್ರಿಗೆ ಇಡಬೇಕು.
8. ಪ್ಲಗ್ ಕಿತ್ತು ಪರೀಕ್ಷಿಸುವುದು: ಯುಪಿಎಸ್‌ನ ಗೋಡೆಯ ಸಂಪರ್ಕ ತಪ್ಪಿಸಿ, ಸರ್ವರ್ ತಾನಾಗಿ ನಿಲ್ಲುತ್ತದೆಯೇ ಎಂದು ಕಣ್ಣಾರೆ ನೋಡಬೇಕು. ಇದನ್ನು ಕಡತಗಳನ್ನು ತುಂಬುವ ಮೊದಲೇ ಮಾಡಬೇಕು.

## ಕನ್ನಡ ಹೆಸರಿನ ಕಡತಗಳು

ಕನ್ನಡದಲ್ಲಿ ಹೆಸರಿಟ್ಟ ಕಡತಗಳು ಕೆಲವು ವಿಶಿಷ್ಟ ತೊಡಕುಗಳನ್ನು ತರುತ್ತವೆ.

'''ಉದ್ದದ ಮಿತಿ:''' ವಿಂಡೋಸ್‌ನಲ್ಲಿ ಕಡತದ ಹೆಸರು 255 ಅಕ್ಷರಘಟಕಗಳಷ್ಟು ಉದ್ದವಿರಬಹುದು. ಲಿನಕ್ಸ್‌ನ ಎಕ್ಸ್‌ಟಿ4 ವ್ಯವಸ್ಥೆಯಲ್ಲಿ ಮಿತಿ 255 ಬೈಟ್. ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಪ್ರತಿ ಯುನಿಕೋಡ್ ಘಟಕಕ್ಕೆ 3 ಬೈಟ್ ಬೇಕು. ಹಾಗಾಗಿ ಕನ್ನಡದ ಹೆಸರಿಗೆ ದೊರಕುವುದು 85 ಘಟಕ ಮಾತ್ರ. 'ಕ್ಷ' ಒಂದೇ ಅಕ್ಷರದಂತೆ ಕಂಡರೂ ಮೂರು ಘಟಕಗಳನ್ನು, ಅಂದರೆ 9 ಬೈಟ್‌ಗಳನ್ನು ಬಳಸುತ್ತದೆ. ಮದುವೆಯ ವಿಡಿಯೊಗೆ ಸ್ಥಳ, ದಿನಾಂಕ, ವಧೂವರರ ಹೆಸರುಗಳೆಲ್ಲವನ್ನೂ ಸೇರಿಸಿ ಇಟ್ಟ ಹೆಸರು ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿದ್ದು, ಸರ್ವರ್‌ಗೆ ನಕಲಾಗದೆ ನಿಲ್ಲುವುದು ಇದರಿಂದಲೇ. ಪರಿಹಾರವೆಂದರೆ ವಿವರಗಳನ್ನು ಕೋಶಗಳ ಹೆಸರಿಗೆ ಹಂಚಿ, ಕಡತದ ಹೆಸರನ್ನು ಚಿಕ್ಕದಾಗಿಸುವುದು.

'''ಒಂದೇ ರೂಪ, ಎರಡು ಸಂಕೇತ:''' 'ೀ', 'ೇ', 'ೈ', 'ೊ', 'ೋ' ಸ್ವರಚಿಹ್ನೆಗಳನ್ನು ಯುನಿಕೋಡ್‌ನಲ್ಲಿ ಒಂದೇ ಘಟಕವಾಗಿಯೂ, ಬಿಡಿಸಿದ ಭಾಗಗಳಾಗಿಯೂ ಬರೆಯಬಹುದು. ಬೇರೆ ಬೇರೆ ಕಾರ್ಯಾಚರಣ ವ್ಯವಸ್ಥೆಗಳಿಂದ ಬಂದ 'ಗೋಪಾಲ' ಎಂಬ ಎರಡು ಕೋಶಗಳು ಕಣ್ಣಿಗೆ ಒಂದೇ ಆಗಿದ್ದು, ಸರ್ವರ್‌ಗೆ ಬೇರೆಯಾಗಿರಬಹುದು. ಹೆಸರುಗಳನ್ನು ಕೂಡಿಸಿದ ರೂಪಕ್ಕೆ ಪರಿವರ್ತಿಸುವ ತಂತ್ರಾಂಶಗಳು ಲಭ್ಯವಿವೆ. ಪದಗಳ ನಡುವೆ ಕಾಣದಂತೆ ಕುಳಿತಿರುವ ಶೂನ್ಯಾಗಲದ ಘಟಕವೂ ಹುಡುಕಾಟ ವಿಫಲವಾಗಲು ಕಾರಣವಾಗುತ್ತದೆ.

'''ಹಳೆಯ ಅಕ್ಷರಶೈಲಿಗಳು:''' ಯುನಿಕೋಡ್‌ಗೆ ಮುಂಚಿನ ನುಡಿ, ಬರಹ, ಶ್ರೀಲಿಪಿ ಶೈಲಿಗಳಲ್ಲಿ ಬರೆದ ಕಡತಗಳು ಆ ಶೈಲಿಯಿಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತವೆ. ಅಂತಹ ಕಡತಗಳ ಜೊತೆಗೆ ಅವುಗಳ ಪಿಡಿಎಫ್ ರೂಪವನ್ನೂ, ಯುನಿಕೋಡ್‌ಗೆ ಪರಿವರ್ತಿಸಿದ ರೂಪವನ್ನೂ ಇಡುವುದು ಒಳಿತು. ಡಿಸ್ಕ್ ಉಳಿದೂ ಓದಲು ಬಾರದ ಕಡತವು ಕಳೆದುಹೋದ ಕಡತಕ್ಕೆ ಸಮಾನ.

## ಮೇಲ್ದರ್ಜೆಗೇರಿಸುವಿಕೆ

ಸಂಗ್ರಹ ಶೇ. 80ರಷ್ಟು ತುಂಬಿದಾಗ ವಿಸ್ತರಣೆಯನ್ನು ಯೋಜಿಸುವುದು ವಾಡಿಕೆ. ರೇಡ್ 1ರಲ್ಲಿ ಹಳೆಯ ಡಿಸ್ಕನ್ನು ಒಂದೊಂದಾಗಿ ದೊಡ್ಡ ಡಿಸ್ಕ್‌ನಿಂದ ಬದಲಿಸಿ, ಪ್ರತಿ ಬಾರಿಯೂ ಮರುನಿರ್ಮಾಣ ಮುಗಿಯುವವರೆಗೆ ಕಾಯಬೇಕು. ಎರಡೂ ಡಿಸ್ಕ್‌ಗಳು ಬದಲಾದ ಮೇಲಷ್ಟೇ ಹೆಚ್ಚುವರಿ ಜಾಗ ಸಿಗುತ್ತದೆ. ಆರಂಭಿಸುವ ಮೊದಲು ಬ್ಯಾಕಪ್ ಇದೆಯೆಂದಷ್ಟೇ ಅಲ್ಲ, ಅದರಿಂದ ಕೆಲವು ಕಡತಗಳನ್ನು ಮರಳಿ ತೆಗೆದು ತೆರೆಯಲು ಸಾಧ್ಯವೆಂದೂ ಖಚಿತಪಡಿಸಿಕೊಳ್ಳಬೇಕು. ಪ್ರತಿ ಡಿಸ್ಕ್‌ನ ಕ್ರಮಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಅದರ ಹೊರಗೆ ಚೀಟಿಯಲ್ಲಿ ಅಂಟಿಸಿದ್ದರೆ, ಕೆಟ್ಟ ಡಿಸ್ಕ್ ಬದಲು ಒಳ್ಳೆಯದನ್ನು ಹೊರತೆಗೆಯುವ ಅವಘಡ ತಪ್ಪುತ್ತದೆ.

ಮರುನಿರ್ಮಾಣ ಡಿಸ್ಕ್‌ಗಳಿಗೆ ಅತಿ ಶ್ರಮದ ಕೆಲಸ. ತುರ್ತಿಲ್ಲದಿದ್ದರೆ ಅದನ್ನು ನವೆಂಬರ್‌ನಿಂದ ಫೆಬ್ರುವರಿಯೊಳಗೆ ಮುಗಿಸುವುದು ಬಿಸಿಲು ಸೀಮೆಗೆ ಸೂಕ್ತ. ವೇಗ ಹೆಚ್ಚಿಸಲು ಜಾಲವನ್ನು 2.5 ಗಿಗಾಬಿಟ್‌ಗೆ ಏರಿಸಬಹುದು, ಆದರೆ ಮನೆಮಂದಿ ವೈಫೈ ಮೂಲಕವೇ ಬಳಸುವುದಾದರೆ ಆ ಖರ್ಚಿನ ಫಲ ಕಾಣದು. ಅದೇ ಹಣದಲ್ಲಿ ಯುಪಿಎಸ್‌ನ ಬ್ಯಾಟರಿ ಬದಲಿಸುವುದು ಮೊದಲ ಆದ್ಯತೆ. ಸೀಸ-ಆಮ್ಲ ಬ್ಯಾಟರಿಯ ಆಯುಷ್ಯ ಹೆಚ್ಚಿನ ಉಷ್ಣತೆಯಲ್ಲಿ ಬಹಳಷ್ಟು ಕುಗ್ಗುತ್ತದೆ.

## ದೋಷ ಪತ್ತೆ ಮತ್ತು ಪರಿಹಾರ

'''ಸರ್ವರ್ ಜಾಲದಲ್ಲಿ ಕಾಣುತ್ತಿಲ್ಲ:''' ಮೊದಲು ತಂತಿ ಮತ್ತು ರೌಟರ್‌ನ ದೀಪ, ನಂತರ ಸ್ಥಳೀಯ ವಿಳಾಸ, ಕೊನೆಗೆ ಹಂಚಿಕೆಯ ಸೇವೆ ಎಂಬ ಕ್ರಮದಲ್ಲಿ ನೋಡಬೇಕು. ವಿಳಾಸದ ಮೂಲಕ ತೆರೆದು, ಹೆಸರಿನ ಮೂಲಕ ತೆರೆಯದಿದ್ದರೆ ದೋಷ ಹೆಸರು ಪತ್ತೆಯ ಸೇವೆಯಲ್ಲಿದೆ. ಹಳೆಯ ಟಿ.ವಿ. ಅಥವಾ ಹಳೆಯ ವಿಂಡೋಸ್ ಮಾತ್ರ ಸಂಪರ್ಕ ಪಡೆಯದಿದ್ದರೆ, ಅದು ಎಸ್‌ಎಂಬಿಯ ಮೊದಲ ಆವೃತ್ತಿಯನ್ನು ಕೇಳುತ್ತಿರಬಹುದು. 2017ರ ಮೇ ತಿಂಗಳಲ್ಲಿ ವಾನಾಕ್ರೈ ದಾಳಿ ಹರಡಿದ್ದು ಆ ಆವೃತ್ತಿಯ ಲೋಪದಿಂದ. ಅದನ್ನು ಮತ್ತೆ ತೆರೆಯಬಾರದು.

'''ವೇಗ ಸೆಕೆಂಡಿಗೆ 11 ಮೆಗಾಬೈಟ್‌ಗೆ ನಿಂತಿದೆ:''' ಇದು 100 ಮೆಗಾಬಿಟ್ ಸಂಪರ್ಕದ ಗುರುತು. ಗಿಗಾಬಿಟ್‌ಗೆ ತಂತಿಯ ನಾಲ್ಕೂ ಜೋಡಿಗಳು ಬೇಕು, 100 ಮೆಗಾಬಿಟ್‌ಗೆ ಎರಡು ಸಾಕು. ಒಂದು ಎಳೆ ತುಂಡಾದರೂ, ಇಲಿ ಕಡಿದರೂ ಸಂಪರ್ಕ ಕಡಿಯದೆ ವೇಗ ಮಾತ್ರ ಕುಸಿಯುತ್ತದೆ. ತಂತಿ ಬದಲಿಸುವುದೇ ಪರಿಹಾರ.

'''ಡಿಸ್ಕ್ ಎಚ್ಚರಿಕೆ ನೀಡುತ್ತಿದೆ:''' ಸ್ಮಾರ್ಟ್ ವರದಿಯಲ್ಲಿ ಮರುಹಂಚಿಕೆಯಾದ ವಲಯ, ಬಾಕಿಯಿರುವ ವಲಯ, ಸರಿಪಡಿಸಲಾಗದ ದೋಷ ಎಂಬ ಮೂರು ಎಣಿಕೆಗಳು ಮುಖ್ಯ. ಮೇಲೆ ಹೇಳಿದ 2007ರ ಅಧ್ಯಯನದ ಪ್ರಕಾರ, ಮೊದಲ ತಪಾಸಣಾ ದೋಷ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ ಇತರ ಡಿಸ್ಕ್‌ಗಳಿಗಿಂತ 39 ಪಟ್ಟು ಹೆಚ್ಚು. ಆದರೆ ಕೆಟ್ಟ ಡಿಸ್ಕ್‌ಗಳಲ್ಲಿ ಶೇ. 36ಕ್ಕೂ ಹೆಚ್ಚಿನವು ಯಾವ ಮುನ್ಸೂಚನೆಯನ್ನೂ ಕೊಟ್ಟಿರಲಿಲ್ಲ. ಎಚ್ಚರಿಕೆ ಬಂದರೆ ನಂಬಬೇಕು; ಬರದಿದ್ದರೆ ನಿಶ್ಚಿಂತರಾಗಬಾರದು. ಡಿಸ್ಕ್ ಸರಿಯಿದ್ದು ಸಂವಹನ ದೋಷದ ಎಣಿಕೆಯಷ್ಟೇ ಏರುತ್ತಿದ್ದರೆ ಸಾಟಾ ತಂತಿ ಸಡಿಲವಾಗಿರುವುದು ಸಾಮಾನ್ಯ ಕಾರಣ.

'''ಡಿಸ್ಕ್ ಟಕಟಕ ಶಬ್ದ ಮಾಡುತ್ತಿದೆ:''' ಕೂಡಲೇ ವಿದ್ಯುತ್ ತೆಗೆಯಬೇಕು. ಮತ್ತೆ ಮತ್ತೆ ಚಾಲೂ ಮಾಡುವುದು, ಫ್ರಿಜ್‌ನಲ್ಲಿಡುವುದು, ಮನೆಯಲ್ಲಿ ಬಿಚ್ಚುವುದು ಉಳಿದ ಅವಕಾಶವನ್ನೂ ಹಾಳುಮಾಡುತ್ತವೆ. ಬ್ಯಾಕಪ್ ಇಲ್ಲದಿದ್ದರೆ ಶುದ್ಧಕೋಣೆಯಿರುವ ದತ್ತಾಂಶ ಮರುಪಡೆಯುವ ಪ್ರಯೋಗಾಲಯವೇ ಗತಿ. ಅದರ ಶುಲ್ಕ ಹೊಸ ಸರ್ವರ್‌ನ ಬೆಲೆಯನ್ನು ಮೀರಬಹುದು.

'''ಕರೆಂಟು ಹೋದ ನಂತರ ಸಂಗ್ರಹ ತೆರೆಯುತ್ತಿಲ್ಲ:''' ತಂತ್ರಾಂಶವು ಹೊಸದಾಗಿ ರೂಪಿಸಲೇ ಎಂದು ಕೇಳಿದರೆ ಒಪ್ಪಬಾರದು. ಯಾವುದನ್ನೂ ಬರೆಯದೆ, ಸಂಗ್ರಹವನ್ನು ಓದುವ ಸ್ಥಿತಿಯಲ್ಲಿ ಮಾತ್ರ ತೆರೆಯಲು ಯತ್ನಿಸಿ, ಅಗತ್ಯ ಕಡತಗಳನ್ನು ಬೇರೆ ಡಿಸ್ಕ್‌ಗೆ ನಕಲಿಸಿದ ಮೇಲೆ ದುರಸ್ತಿಗೆ ತೊಡಗಬೇಕು.

'''ಮಧ್ಯಾಹ್ನ ಮಾತ್ರ ಯಂತ್ರ ನಿಲ್ಲುತ್ತದೆ:''' ಉಷ್ಣತೆಯ ದಾಖಲೆ ನೋಡಬೇಕು. ಜಾಲರಿಯ ಧೂಳು, ನಿಂತ ಫ್ಯಾನು, ಬೇಸಿಗೆಯ ಕಡಿಮೆ ವೋಲ್ಟೇಜ್ ಇವೇ ಸಾಮಾನ್ಯ ಕಾರಣಗಳು.

## ದೂರಪ್ರವೇಶ ಮತ್ತು ಭದ್ರತೆ

ಬೆಂಗಳೂರು ಅಥವಾ ಹೈದರಾಬಾದಿನಲ್ಲಿ ಓದುವ, ದುಡಿಯುವ ಮಕ್ಕಳು ಮನೆಯ ಸರ್ವರ್ ಅನ್ನು ದೂರದಿಂದ ತೆರೆಯಬಯಸುವುದು ಸಹಜ. ಇದಕ್ಕಾಗಿ ರೌಟರ್‌ನಲ್ಲಿ ಬಾಗಿಲು ತೆರೆದು ಸರ್ವರ್ ಅನ್ನು ನೇರವಾಗಿ ಅಂತರಜಾಲಕ್ಕೆ ಒಡ್ಡುವುದು ಅಪಾಯಕರ. 2021ರ ಜೂನ್‌ನಲ್ಲಿ, ತಯಾರಕರ ತಂತ್ರಾಂಶ ಪರಿಷ್ಕರಣೆ ಹಲವು ವರ್ಷಗಳ ಹಿಂದೆಯೇ ನಿಂತಿದ್ದ ಮೈ ಬುಕ್ ಲೈವ್ ಮಾದರಿಯ ಸಂಗ್ರಹ ಪೆಟ್ಟಿಗೆಗಳ ದತ್ತಾಂಶವನ್ನು ಲೋಕದಾದ್ಯಂತ ದೂರದಿಂದಲೇ ಅಳಿಸಲಾಯಿತು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶವು ಅಂತರಜಾಲಕ್ಕೆ ಒಡ್ಡಿಕೊಂಡಿದ್ದ ಕ್ಯೂನ್ಯಾಪ್ ಸರ್ವರ್‌ಗಳಿಗೆ ಬೀಗ ಹಾಕಿತು.

ಸುರಕ್ಷಿತ ಮಾರ್ಗವೆಂದರೆ ವಿಪಿಎನ್. 2020ರ ಮಾರ್ಚ್‌ನಲ್ಲಿ ಲಿನಕ್ಸ್ ತಿರುಳಿನ ಭಾಗವಾದ ವೈರ್‌ಗಾರ್ಡ್ ಸರಳ ಮತ್ತು ವೇಗದ ಆಯ್ಕೆ. ಹಲವು ಸೇವಾದಾರರು ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚುವುದರಿಂದ ಮನೆಯ ಸರ್ವರ್ ಹೊರಗಿನಿಂದ ನೇರವಾಗಿ ಸಿಗದಿರಬಹುದು. ಆಗ ಐಪಿವಿ6 ವಿಳಾಸ ಅಥವಾ ಮಧ್ಯವರ್ತಿ ಸೇವೆಯಿರುವ ವಿಪಿಎನ್ ಬೇಕಾಗುತ್ತದೆ.

## ಎರಡನೆಯ ಊರಿನ ಪ್ರತಿ

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಸ್ಥಳದಲ್ಲಿ ಎಂಬ 3-2-1 ಸೂತ್ರವನ್ನು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಲಿತಗೊಳಿಸಿದರು. ದೋಆಬ್ ಪ್ರದೇಶದಲ್ಲಿ 'ಬೇರೆ ಸ್ಥಳ'ದ ಅರ್ಥವನ್ನು ನದಿಗಳೂ ನಿರ್ಧರಿಸುತ್ತವೆ. 2019ರ ಆಗಸ್ಟ್‌ನಲ್ಲಿ ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿತು. ಕೃಷ್ಣಾ ತೀರದ ಮನೆಯ ಎರಡನೆಯ ಪ್ರತಿಯನ್ನು ಅದೇ ತೀರದ ನೆರೆಮನೆಯಲ್ಲಿಡುವುದಕ್ಕಿಂತ ಮಾನ್ವಿ ಅಥವಾ ರಾಯಚೂರಿನ ಬಂಧುಗಳ ಮನೆಯಲ್ಲಿಡುವುದು ಸೂಕ್ತ.

ಮೊದಲ ಪ್ರತಿಯನ್ನು ಅಂತರಜಾಲದ ಮೂಲಕ ಕಳಿಸುವ ಅಗತ್ಯವಿಲ್ಲ. ಸೆಕೆಂಡಿಗೆ 20 ಮೆಗಾಬಿಟ್ ವೇಗದಲ್ಲಿ 1 ಟೆರಾಬೈಟ್ ಕಳಿಸಲು ನಾಲ್ಕೂವರೆ ದಿನಗಳಿಗೂ ಹೆಚ್ಚು ಬೇಕು. ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ದರೆ ಅದೇ ದಿನ ತಲುಪುತ್ತದೆ. ನಂತರ ಪ್ರತಿ ರಾತ್ರಿ ಹೊಸ ಕಡತಗಳನ್ನಷ್ಟೇ ಆರ್‌ಸಿಂಕ್, ರೆಸ್ಟಿಕ್ ಮುಂತಾದ ತಂತ್ರಾಂಶಗಳ ಮೂಲಕ ಕಳಿಸಬಹುದು. ಸಂಪರ್ಕವಿಲ್ಲದ ಹಳ್ಳಿಯಾದರೆ ಎರಡು ಡಿಸ್ಕ್‌ಗಳನ್ನು ಸರದಿಯಂತೆ, ಹಬ್ಬಕ್ಕೆ ಬರುವಾಗ ಒಂದನ್ನು ತಂದು ಹೋಗುವಾಗ ಇನ್ನೊಂದನ್ನು ಒಯ್ಯುವ ಕ್ರಮವೂ ನಡೆಯುತ್ತದೆ. ಹೊರಗಿಡುವ ಡಿಸ್ಕನ್ನು ಗೂಢಲಿಪೀಕರಿಸಬೇಕು. ಗುಪ್ತಪದವನ್ನು ಕಾಗದದಲ್ಲಿ ಬರೆದು, ಮನೆಯಲ್ಲಿ ಕನಿಷ್ಠ ಇಬ್ಬರಿಗೆ ತಿಳಿದಿರುವ ಜಾಗದಲ್ಲಿ ಇಡಬೇಕು. ಸರ್ವರ್ ಕಟ್ಟಿದವರು ಊರಿನಲ್ಲಿ ಇಲ್ಲದ ದಿನವೂ ಉಳಿದವರು ಕಡತ ತೆರೆಯುವಂತಿರಬೇಕು.

ವರ್ಷಕ್ಕೆರಡು ಬಾರಿ ಬ್ಯಾಕಪ್‌ನಿಂದ ಕೆಲವು ಕಡತಗಳನ್ನು ಮರಳಿ ತೆಗೆದು, ಚಿತ್ರ ತೆರೆಯುತ್ತದೆಯೇ, ಧ್ವನಿ ಕೇಳುತ್ತದೆಯೇ ಎಂದು ಪರೀಕ್ಷಿಸುವುದು ಈ ವ್ಯವಸ್ಥೆಯ ಕೊನೆಯ ಹಂತ. ಹೀಗೆ ತೆರೆದು ನೋಡದ ಪ್ರತಿಯನ್ನು ಬ್ಯಾಕಪ್ ಎಂದು ಎಣಿಸಲಾಗದು.

## ಇವನ್ನೂ ನೋಡಿ

* ಹಾರ್ಡ್ ಡಿಸ್ಕ್
* ಯುಪಿಎಸ್
* ಯುನಿಕೋಡ್
* ಲಿನಕ್ಸ್
* ರಾಯಚೂರು ಜಿಲ್ಲೆ